ಬಾಲದ ಕಂಬಳಿ ಹೊದ್ದ ಬಾವಲಿ

ಮಕ್ಕಳೇ, ಬಾವಲಿ ಎಂದೊಡನೆ ನಮಗೆ ನೆನಪಾಗುವುದು ಕತ್ತಲ ಗುಹೆ, ಪಾಳುಗುಡಿ, ಅಲ್ಲಿ ಜೋತುಬಿದ್ದ ದೊಡ್ಡ ಗುಂಪು. ಉತ್ತರ ಅಮೆರಿಕದಲ್ಲಿ ಒಂದು ಬಾವಲಿಯಿದೆ. ಅದಕ್ಕೆ ಸಾಮಾನ್ಯವಾಗಿ ಗುಹೆಯೂ ಬೇಡ, ಗುಂಪೂ ಬೇಡ. ಮರದ ಎಲೆಗಳ ಮರೆಯಲ್ಲಿ ಒಂಟಿಯಾಗಿ ತಲೆಕೆಳಗಾಗಿ ತೂಗುತ್ತಾ ಹಗಲು ಕಳೆಯುತ್ತದೆ. ಇಂಗ್ಲಿಷಿನಲ್ಲಿ ಅದು ಹೋರಿ ಬ್ಯಾಟ್. ನಾವು ನರೆಬಾವಲಿ ಎಂದು ಕರೆಯೋಣ.

ಹತ್ತಿರದಿಂದ ನೋಡಿದರೆ ಇದು ಬಲು ಚೆಂದದ ಪ್ರಾಣಿ. ಗಿಡ್ಡ ದುಂಡು ಕಿವಿ, ಅದರ ಅಂಚಿಗೆ ಕಪ್ಪು ಗೆರೆ, ಕತ್ತಿನ ಸುತ್ತ ಹಳದಿ ಛಾಯೆ. ಮೈಮೇಲಿನ ಕಂದು ಕೂದಲಿನ ತುದಿಯೆಲ್ಲ ಬಿಳಿ, ಮಂಜು ಉದುರಿ ಕೂತ ಹಾಗೆ. ಈ ಬಣ್ಣದಿಂದಾಗಿ ಕೊಂಬೆಯ ನಡುವೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಹಿಂಗಾಲುಗಳ ನಡುವೆ ಬಾಲಕ್ಕೆ ಅಂಟಿಕೊಂಡ ಅಗಲವಾದ ಚರ್ಮದ ಮೇಲೂ ದಟ್ಟ ತುಪ್ಪಳವಿದೆ. ಚಳಿಯಾದಾಗ ಅದನ್ನೇ ಹೊಟ್ಟೆಯ ಮೇಲೆಳೆದು ಹೊದ್ದುಕೊಳ್ಳುತ್ತದೆ!

ರೆಕ್ಕೆ ಬಿಚ್ಚಿದರೆ ಸುಮಾರು 40 ಸೆಂ.ಮೀ. ಅಗಲ, ತೂಕ ಮಾತ್ರ 20ರಿಂದ 35 ಗ್ರಾಂ. ರಾತ್ರಿ ಪತಂಗಗಳ ಬೇಟೆ. ಬೇಸಿಗೆಯ ಆರಂಭದಲ್ಲಿ ತಾಯಿ ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಹೆಚ್ಚಿನ ಬಾವಲಿಗಳು ಒಂದು ಸಲಕ್ಕೆ ಒಂದೇ ಮರಿ ಹಾಕುವಾಗ ಇದು ವಿಶೇಷವೇ ಸರಿ. ತಾಯಿ ಬೇಟೆಗೆ ಹೋದಾಗ ಮರಿಗಳು ಎಲೆಗಳ ನಡುವೆ ಕೊಂಬೆ ಹಿಡಿದು ಕಾಯುತ್ತವೆ.

ಶರತ್ಕಾಲ ಬಂತೆಂದರೆ ಕೆನಡಾದ ಕಾಡುಗಳಿಂದ ದಕ್ಷಿಣಕ್ಕೆ, ಕ್ಯಾಲಿಫೋರ್ನಿಯಾ, ಮೆಕ್ಸಿಕೊ ಕಡೆಗೆ ಪಯಣ. ಸ್ಯಾನ್‌ಫ್ರಾನ್ಸಿಸ್ಕೊ ಬಳಿಯ ಸಮುದ್ರದಲ್ಲಿ ಫ್ಯಾರಲಾನ್ ಎಂಬ ಪುಟ್ಟ ಕಲ್ಲುದ್ವೀಪಗಳಿವೆ. ದಾರಿಯಲ್ಲಿ ಕೆಲವು ಅಲ್ಲಿ ಇಳಿಯುತ್ತವೆ. ಹಲವು ವರ್ಷಗಳ ದಾಖಲೆ ನೋಡಿದ ವಿಜ್ಞಾನಿಗಳಿಗೆ ಒಂದು ಸಂಗತಿ ಕಂಡಿತು: ಗಾಳಿ ಮಂದವಾಗಿ, ಮೋಡ ಕವಿದು, ಬೆಳದಿಂಗಳು ಕಡಿಮೆಯಿದ್ದ ರಾತ್ರಿಗಳಲ್ಲೇ ಇವುಗಳ ಬರುಹೋಗು ಹೆಚ್ಚು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಪುಟಾಣಿ ಜಿಪಿಎಸ್ ಕಟ್ಟಿದ್ದ ಒಂದು ಗಂಡು, ಒಂದೇ ತಿಂಗಳಲ್ಲಿ 1,000 ಕಿ.ಮೀ.ಗೂ ಹೆಚ್ಚು ಸುತ್ತಿತ್ತು. ಇದಕ್ಕಿಂತ ದೊಡ್ಡ ಸಾಹಸ ಬಹಳ ಹಿಂದೆಯೇ ನಡೆದಿದೆ. ಇದೇ ಕುಲದ ಪೂರ್ವಜರು ಅಮೆರಿಕದಿಂದ ಹವಾಯಿ ದ್ವೀಪಗಳಿಗೆ, ಅಂದರೆ ಸುಮಾರು 3,600 ಕಿ.ಮೀ. ದೂರ, ಕಡಲ ಮೇಲೆಯೇ ಹಾರಿಹೋದರು. ನಡುವೆ ಕೂರಲು ಒಂದು ಮರವೂ ಇಲ್ಲ! ಅವರ ಸಂತತಿಯನ್ನು ಹವಾಯಿ ರಾಜ್ಯ 2015ರಲ್ಲಿ ತನ್ನ ಅಧಿಕೃತ ನೆಲಸಸ್ತನಿಯಾಗಿ ಘೋಷಿಸಿತು.

ಇಷ್ಟು ಗಟ್ಟಿಗ ಪ್ರಾಣಿಗೆ ಈಗ ಕಂಟಕ ಬಂದಿರುವುದು ವಿದ್ಯುತ್ ತಯಾರಿಸುವ ಗಾಳಿಯಂತ್ರಗಳಿಂದ. ಉತ್ತರ ಅಮೆರಿಕದಲ್ಲಿ ಆ ರೆಕ್ಕೆಗಳಿಗೆ ಬಡಿದು ಸಾಯುವ ಬಾವಲಿಗಳಲ್ಲಿ ನರೆಬಾವಲಿಗಳೇ ಎಲ್ಲಕ್ಕಿಂತ ಹೆಚ್ಚು, ಅದೂ ವಲಸೆಯ ದಿನಗಳಲ್ಲಿ. ಯಂತ್ರಗಳು ಬೇಡವೆನ್ನಲಾಗದು, ಹೊಗೆಯಿಲ್ಲದ ವಿದ್ಯುತ್ ನಮಗೆ ಬೇಕೇ ಬೇಕು. ಆದರೆ ದಾರಿಯಿದೆ. ಬಾವಲಿಗಳು ಹೆಚ್ಚು ಹಾರುವುದು ಗಾಳಿ ಮಂದವಾದ ರಾತ್ರಿಗಳಲ್ಲಿ. ಯಂತ್ರಕ್ಕೆ ಆಗ ಸಿಗುವ ವಿದ್ಯುತ್ತೂ ಸ್ವಲ್ಪವೇ. ಅಂಥ ರಾತ್ರಿಗಳಲ್ಲಿ ಯಂತ್ರ ನಿಲ್ಲಿಸಿ ನೋಡಿದ ಹಲವೆಡೆ ಬಾವಲಿಗಳ ಸಾವು ಅರ್ಧಕ್ಕಿಳಿದಿದೆ. ವಲಸೆಯ ಆ ಕೆಲವು ವಾರಗಳಲ್ಲಾದರೂ ಎಲ್ಲ ಕಂಪನಿಗಳೂ ಹೀಗೆ ಮಾಡಲೇಬೇಕು.