ಗ್ರೀನ್ ಟೀ ಸಾರ ಮತ್ತು ನಮ್ಮ ಕ್ರೀಡಾಪಟುಗಳು



ಗ್ರೀನ್ ಟೀ ಸಾರದ ಮಾತ್ರೆ ಕೊಬ್ಬು ಕರಗಿಸುತ್ತದೆ, ದಮ್ಮು ಹೆಚ್ಚಿಸುತ್ತದೆ ಎಂಬ ನಂಬಿಕೆ ಜಿಮ್‌ಗಳಲ್ಲಿ ಬೇರೂರಿದೆ. ಅದಕ್ಕೆ ಬಲ ಕೊಟ್ಟದ್ದು 1999ರ ಒಂದು ಪ್ರಯೋಗ. ಸ್ವಿಟ್ಜರ್ಲೆಂಡಿನಲ್ಲಿ ಅಬ್ದುಲ್ ಡುಲ್ಲೂ ಮತ್ತು ಸಂಗಡಿಗರು ಆರೋಗ್ಯವಂತರಾದ 10 ಗಂಡಸರನ್ನು ಉಸಿರಾಟ ಅಳೆಯುವ ಕೋಣೆಯಲ್ಲಿ 24 ಗಂಟೆ ಇರಿಸಿದರು. ಎಷ್ಟು ಆಮ್ಲಜನಕ ಖರ್ಚಾಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಎಂಬ ಲೆಕ್ಕದಿಂದ ದೇಹ ಉರಿಸಿದ್ದೆಷ್ಟು, ಅದರಲ್ಲಿ ಕೊಬ್ಬಿನ ಪಾಲೆಷ್ಟು ಎಂಬುದು ತಿಳಿಯುತ್ತದೆ. ಸಾರ ಸೇವಿಸಿದ ದಿನ ಶಕ್ತಿವ್ಯಯ ಸುಮಾರು ಶೇ. 4ರಷ್ಟು ಏರಿತು. ಸಾರದಲ್ಲಿದ್ದಷ್ಟೇ ಪ್ರಮಾಣದ ಕೆಫೀನ್ ಮಾತ್ರ ಕೊಟ್ಟಾಗ ಏರಲಿಲ್ಲ.

ಇದಕ್ಕೆ ಒಂದು ವಿವರಣೆಯಿದೆ. ಕೊಬ್ಬನ್ನು ಒಡೆಯಲು ನರಗಳು ನಾರ್‌ಅಡ್ರಿನಲಿನ್ ಸುರಿಸುತ್ತವೆ. ಅದನ್ನು ನಿಷ್ಕ್ರಿಯಗೊಳಿಸುವ ಕಿಣ್ವಕ್ಕೆ ಚಹಾದ ಕ್ಯಾಟೆಚಿನ್‌ಗಳು, ಮುಖ್ಯವಾಗಿ ಇಜಿಸಿಜಿ, ತಡೆಯೊಡ್ಡುತ್ತವೆ. ಕೆಫೀನ್ ಅದೇ ಸಂದೇಶವನ್ನು ಜೀವಕೋಶದೊಳಗೆ ಆರದಂತೆ ಕಾಯುತ್ತದೆ. ಸೊಗಸಾದ ತರ್ಕ, ಒಪ್ಪುತ್ತೇನೆ. ಆದರೆ ಆ ಶೇ. 4 ಎಂದರೆ ದಿನಕ್ಕೆ 80 ಕಿಲೊಕ್ಯಾಲರಿ. ಒಂದು ಸಣ್ಣ ಚಪಾತಿ.

ವ್ಯಾಯಾಮದ ಫಲಿತಾಂಶಗಳು ಇನ್ನೂ ಗೊಂದಲದವು. 2008ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು, ಸಾರ ಸೇವಿಸಿ ಅರ್ಧ ಗಂಟೆ ಸೈಕಲ್ ತುಳಿದವರಲ್ಲಿ ಕೊಬ್ಬಿನ ದಹನ ಶೇ. 17ರಷ್ಟು ಹೆಚ್ಚಾದದ್ದನ್ನು ಕಂಡರು. ಕೆಲವು ವರ್ಷಗಳ ನಂತರ ಅಲ್ಲಿಯೇ ಒಂದು ವಾರ ಸಾರ ಕೊಟ್ಟು ನೋಡಿದಾಗ ಅಂಥ ವ್ಯತ್ಯಾಸ ಸಿಗಲಿಲ್ಲ. ಅಲ್ಲದೆ, ಓಡುವಾಗ ಕೊಬ್ಬು ತುಸು ಹೆಚ್ಚು ಉರಿದರೆ ಓಟದ ಸಮಯ ಇಳಿಯಬೇಕೆಂದೇನೂ ಇಲ್ಲ. ತೂಕದ ವಿಷಯದಲ್ಲೂ ಅಷ್ಟೆ: ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2012ರ ಕಾಕ್ರೇನ್ ವಿಮರ್ಶೆ, ಇಳಿಕೆ ವೈದ್ಯಕೀಯವಾಗಿ ಗಣನೀಯವಲ್ಲ ಎಂದಿತು.

ನನ್ನನ್ನು ನಿಜಕ್ಕೂ ಕಾಡುವುದು ಯಕೃತ್ತು. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿಯನ್ನು ಪೂರಕವಾಗಿ ಸೇವಿಸಿದವರಲ್ಲಿ ಯಕೃತ್ತಿನ ಕಿಣ್ವಗಳು ರಕ್ತದಲ್ಲಿ ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು. ಕುದಿನೀರಿನಲ್ಲಿ ಎಲೆ ನೆನೆಸಿ ಕುಡಿಯುವವರ ಕುರಿತ ಮಾತಲ್ಲ ಇದು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಇಜಿಸಿಜಿ ಹಲವು ಪಟ್ಟು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಬೆಳಗಿನ ಅಭ್ಯಾಸಕ್ಕೆ ಮುಂಚೆ, ಏನೂ ತಿನ್ನದೆ ತೆಗೆದುಕೊಳ್ಳಿ ಎಂಬ ಸಲಹೆ ಎಷ್ಟು ಅಪಾಯಕಾರಿ ಎಂಬುದನ್ನು ಇಲ್ಲಿರುವ ತರಬೇತುದಾರರು ದಯವಿಟ್ಟು ಯೋಚಿಸಬೇಕು.

ಹಾಗೆಂದು ಊಟದ ಜೊತೆ ಕೊಡೋಣವೇ? ಸೊಪ್ಪು, ಬೇಳೆ, ರಾಗಿಯಲ್ಲಿರುವ ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ಇದೇ ಕ್ಯಾಟೆಚಿನ್‌ಗಳು ಅಡ್ಡಿಪಡಿಸುತ್ತವೆ. ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ನಾಡಿನಲ್ಲಿ, ಓಟದ ಅಂಕಣಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ಇದು ಸಣ್ಣ ನಷ್ಟವಲ್ಲ. ಹೆಸರಾದ ಪ್ರಯೋಗಗಳಲ್ಲಿ ಇದ್ದವರೋ, ಹೆಚ್ಚಾಗಿ ಗಂಡಸರು.

ಈ ಸಮ್ಮೇಳನದ ಎರಡು ದಿನ ಮಂಡನೆಯಾಗುವ ಪ್ರತಿಯೊಂದು ಪ್ರಬಂಧಕ್ಕೂ ನನ್ನ ಕೋರಿಕೆ ಇದು: ಮಾತ್ರೆಯಲ್ಲಿ ಇಜಿಸಿಜಿ ಎಷ್ಟಿತ್ತು, ಕೆಫೀನ್ ಎಷ್ಟಿತ್ತು, ಊಟಕ್ಕೆ ಮುಂಚೆಯೋ ನಂತರವೋ, ಯಕೃತ್ತಿನ ಪರೀಕ್ಷೆ ಮತ್ತು ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಮಟ್ಟ ಏನು ಹೇಳಿದವು, ಇಷ್ಟನ್ನು ಮೊದಲ ಸ್ಲೈಡಿನಲ್ಲೇ ತೋರಿಸಿ. ಚರ್ಚೆ ಅಲ್ಲಿಂದ ಶುರುವಾಗಲಿ.