ಅಂಗಿಯ ಮೇಲಿನ ಹೆಸರು



ನಿಮ್ಮಲ್ಲಿ ಅನೇಕರು ಹೊರದೇಶದ ತಂಡಗಳ ಹೆಸರಿರುವ ಜೆರ್ಸಿ ತೊಡುತ್ತೀರಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಎದೆಯ ಮೇಲೆ ಹೊತ್ತ ಹೆಸರಿನ ಹಿಂದೆ ಏನಿದೆ ಎಂದು ಯಾವತ್ತಾದರೂ ಕೇಳಿಕೊಂಡಿದ್ದೀರಾ? ಇಂದು ಅಂಥ ಒಂದು ಜೆರ್ಸಿಯ ಕಥೆ ಹೇಳುತ್ತೇನೆ.

ಅಮೆರಿಕದ ಕಾಲೇಜುಗಳಲ್ಲಿ ಹೆಸರುವಾಸಿಯಾದ ಹಳೆಯ ತಂಡಗಳ ಉಡುಪನ್ನು ಅದೇ ಮಾದರಿಯಲ್ಲಿ ಮತ್ತೆ ತಯಾರಿಸಿ ಮಾರುವ ರೂಢಿಯಿದೆ. ಇದನ್ನು 'ರೆಟ್ರೋ' ಉಡುಪು ಎನ್ನುತ್ತಾರೆ. ಎಲ್ ಪಾಸೋ ನಗರದ ವಿಶ್ವವಿದ್ಯಾಲಯದ ಇಂಥ ಬಾಸ್ಕೆಟ್‌ಬಾಲ್ ಜೆರ್ಸಿಯ ಮೇಲೆ 'ಟೆಕ್ಸಾಸ್ ವೆಸ್ಟರ್ನ್' ಎಂದು ಬರೆದಿರುತ್ತದೆ. ಆ ಹೆಸರಿನ ಕಾಲೇಜು ಇಂದು ಇಲ್ಲ. 1967ರಲ್ಲೇ ಅದರ ಹೆಸರು ಬದಲಾಯಿತು. ಆದರೂ ಜನ ಅದನ್ನು ಅಭಿಮಾನದಿಂದ ತೊಡುತ್ತಾರೆ. ಏಕೆ?

1966ರ ಮಾರ್ಚ್ 19ರಂದು ರಾಷ್ಟ್ರೀಯ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್ ನಡೆಯಿತು. ಎದುರಾಳಿ ಕೆಂಟಕಿ, ಅದಾಗಲೇ ನಾಲ್ಕು ಬಾರಿ ಚಾಂಪಿಯನ್ ಆಗಿದ್ದ ತಂಡ. ಅದರ ಆಟಗಾರರೆಲ್ಲ ಬಿಳಿಯರು. ಟೆಕ್ಸಾಸ್ ವೆಸ್ಟರ್ನ್ ತರಬೇತುದಾರ ಡಾನ್ ಹ್ಯಾಸ್ಕಿನ್ಸ್ ಐವರು ಕಪ್ಪು ಆಟಗಾರರೊಂದಿಗೆ ಪಂದ್ಯ ಆರಂಭಿಸಿದರು. ಈ ಫೈನಲ್‌ನಲ್ಲಿ ಹಾಗೆ ಆದದ್ದು ಅದೇ ಮೊದಲು. ಬಾಬಿ ಜೋ ಹಿಲ್ ಒಬ್ಬರೇ 20 ಅಂಕ ಗಳಿಸಿದರು. 72-65ರಿಂದ ಟೆಕ್ಸಾಸ್ ವೆಸ್ಟರ್ನ್ ಗೆದ್ದಿತು. ಆ ವರ್ಷ ಅವರು ಗೆದ್ದ ಪಂದ್ಯಗಳು 28, ಸೋತದ್ದು ಒಂದೇ. ಗೆದ್ದ ಮೇಲೆ ಹ್ಯಾಸ್ಕಿನ್ಸ್ ಅವರಿಗೆ ಬಂದದ್ದು ಅಭಿನಂದನೆ ಮಾತ್ರವಲ್ಲ, ದ್ವೇಷದ ಪತ್ರಗಳೂ ರಾಶಿ ರಾಶಿ ಬಂದವು. 2007ರಲ್ಲಿ ಇಡೀ ತಂಡಕ್ಕೆ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ನ ಗೌರವ ಸಂದಿತು.

ಇಷ್ಟನ್ನು ಬಹಳ ಜನ ಬಲ್ಲರು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಹುಡುಗರಿಗೆ ಕಾಲೇಜಿನ ಬಾಗಿಲು ತೆರೆದವರು ಯಾರು?

ತೆಲ್ಮಾ ವೈಟ್ ಎಂಬ ವಿದ್ಯಾರ್ಥಿನಿ! ಎಲ್ ಪಾಸೋದ ಕಪ್ಪು ಮಕ್ಕಳ ಶಾಲೆಯಲ್ಲಿ ಪ್ರಥಮ ಸ್ಥಾನ ಪಡೆದಿದ್ದ ಆಕೆಗೆ, ಚರ್ಮದ ಬಣ್ಣದ ಕಾರಣಕ್ಕೆ, ತನ್ನ ಊರಿನ ಅದೇ ಟೆಕ್ಸಾಸ್ ವೆಸ್ಟರ್ನ್ ಕಾಲೇಜು ಪ್ರವೇಶ ನಿರಾಕರಿಸಿತು. ಆಕೆ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. 1955ರಲ್ಲಿ ತೀರ್ಪು ಆಕೆಯ ಪರವಾಗಿ ಬಂತು. ಅದೇ ವರ್ಷ ಕಪ್ಪು ವಿದ್ಯಾರ್ಥಿಗಳು ಆ ಕಾಲೇಜಿಗೆ ಕಾಲಿಟ್ಟರು. ಆದರೆ ಅಷ್ಟರಲ್ಲಿ ಆಕೆ ಪಕ್ಕದ ರಾಜ್ಯದ ಕಾಲೇಜು ಸೇರಿದ್ದಳು, ಅಲ್ಲೇ ಓದು ಮುಂದುವರಿಸಿದಳು. ತಾನು ತೆರೆಸಿದ ಬಾಗಿಲಿನಿಂದ ಒಳಹೋದವರು ಬೇರೆಯವರು. ಹನ್ನೊಂದು ವರ್ಷಗಳ ಬಳಿಕ ಅದೇ ಕಾಲೇಜಿನ ಕಪ್ಪು ಹುಡುಗರು ದೇಶದ ಕಿರೀಟ ತಂದರು.

ವಿದ್ಯಾರ್ಥಿ ಮಿತ್ರರೇ, ಆ ಜೆರ್ಸಿಗಳಲ್ಲಿ ತೆಲ್ಮಾಳ ಹೆಸರಿಲ್ಲ, ಆಕೆಗೆ ಸಂಖ್ಯೆಯೂ ಇಲ್ಲ. ಗೆದ್ದವರ ಅಂಗಿಯನ್ನು ದುಡ್ಡು ಕೊಟ್ಟರೆ ಯಾರೂ ತೊಡಬಹುದು. ಗೆಲುವಿಗೆ ದಾರಿ ಮಾಡಿಕೊಟ್ಟವರನ್ನು ತಿಳಿಯಬೇಕಾದರೆ ಓದಬೇಕು, ಹಿರಿಯರನ್ನು ಕೇಳಬೇಕು.

ನಾವು ಇಂದು ಕುಳಿತಿರುವ ತರಗತಿಯ ಬೆಂಚಿಗೂ ಇಂಥ ಕಥೆಯಿದೆ. ಯಾರೋ ಅರ್ಜಿ ಬರೆದರು, ಯಾರೋ ಮನೆಮನೆಗೆ ಹೋಗಿ ಚಂದಾ ಎತ್ತಿದರು, ಯಾರೋ ಮಗಳನ್ನು ಓದಿಸಲು ನೆರೆಹೊರೆಯವರ ಮಾತು ಕೇಳಿಸಿಕೊಂಡರು. ನಿಮ್ಮ ಮನೆಯಲ್ಲಿ ಮೊದಲು ಕಾಲೇಜಿಗೆ ಹೋದವರು ಯಾರು, ಅವರನ್ನು ಕಳುಹಿಸಿದವರು ಯಾರು? ಇವತ್ತು ಮನೆಗೆ ಹೋದ ಮೇಲೆ ಕೇಳಿ, ಅವರ ಹೆಸರು ಬರೆದಿಡಿ. ನಾಳೆ ನೀವೂ ಒಂದು ಬಾಗಿಲು ತೆರೆಯಿರಿ, ಅದರಿಂದ ಒಳಹೋಗುವುದು ಬೇರೆಯವರೇ ಆಗಿದ್ದರೂ ಸರಿ.