ಹೊಟ್ಟೆಗೆ ಕತ್ತರಿ ಹಾಕುವ ಮುನ್ನ

ಬೀದರ ಜಿಲ್ಲೆಯ ನಮ್ಮ ಕಡೆ, ಬಹಳ ದಿನಗಳ ಮೇಲೆ ಕಂಡವರನ್ನು ‘ಯಾಕ ಸೊರಗೀರಿ?’ ಎಂದು ಕೇಳುವುದು ಕುಶಲಪ್ರಶ್ನೆಯ ಒಂದು ಬಗೆ. ಕೇಳಿಸಿಕೊಂಡವರು ನಿಜವಾಗಿ ಸೊರಗಿರಬೇಕೆಂಬ ನಿಯಮವೇನೂ ಇಲ್ಲ. ‘ಯಾಕ ದಪ್ಪಾಗೀರಿ?’ ಎಂದು ಮಾತ್ರ ಯಾರೂ ಕೇಳುವುದಿಲ್ಲ. 1972ರ ಬರವನ್ನು ಕಣ್ಣಾರೆ ಕಂಡ ತಲೆಮಾರಿಗೆ ತುಂಬಿದ ಮೈಯೆಂದರೆ ತುಂಬಿದ ಕಣಜವಿದ್ದಂತೆ. ಅದನ್ನು ರೋಗವೆಂದು ಕರೆಯಲು ನಾಲಿಗೆ ಏಳುವುದಿಲ್ಲ.

ಹಾಗೆಂದು ಈ ತಿಳಿವಳಿಕೆ ಪಶ್ಚಿಮದಿಂದ ಬಂದ ಹೊಸ ಸರಕೇನೂ ಅಲ್ಲ. ಚರಕಸಂಹಿತೆಯು ಅತಿಸ್ಥೂಲನ ಎಂಟು ದೋಷಗಳನ್ನು ಎಣಿಸುವಾಗ ಆಯುಸ್ಸಿನ ಕುಂದನ್ನೂ ಅದರಲ್ಲಿ ಸೇರಿಸಿದೆ. ಅತಿಸ್ಥೂಲ, ಅತಿಕೃಶ ಇಬ್ಬರಲ್ಲಿ ಕೃಶನೇ ವಾಸಿ ಎಂದೂ ಹೇಳುತ್ತದೆ. ಆಗ ಅಂಥವರು ವಿರಳವಾಗಿದ್ದಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕ ಮಹಿಳೆಯರಲ್ಲಿ ನೂರಕ್ಕೆ 24 ಮಂದಿಯ ತೂಕ ಮಿತಿಮೀರಿದೆ.

ಇಂದು ನಾನು ಹೇಳಹೊರಟಿರುವುದು ಒಬ್ಬ ಶಿಕ್ಷಕಿಯ ವಿಷಯ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಭಾಲ್ಕಿ ತಾಲೂಕಿನಲ್ಲಿ ಮಹಾರಾಷ್ಟ್ರದ ಗಡಿಗೆ ಹತ್ತಿರವಾಗಿರುವ ಮೆಹಕರದ ಕಡೆಯವರು. ಕನ್ನಡ ಮರಾಠಿಗಳೆರಡೂ ಒಂದೇ ಪಡಸಾಲೆಯಲ್ಲಿ ಮಾತಾಡಿಕೊಳ್ಳುವ ಮನೆತನ. ಶ್ರಾವಣದ ಒಂದು ಮಧ್ಯಾಹ್ನ ನನ್ನ ಚಿಕಿತ್ಸಾಲಯದ ಎರಡು ಮೆಟ್ಟಿಲೇರಿ ಬಂದು, ಮಾತಾಡುವ ಮೊದಲು ಐದು ನಿಮಿಷ ದಣಿವಾರಿಸಿಕೊಂಡರು. ತೂಕ 96 ಕಿಲೋ, ಎತ್ತರ 152 ಸೆಂಟಿಮೀಟರು. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸೂಚ್ಯಂಕ 41ಕ್ಕೂ ಮಿಗಿಲು. ಮಧುಮೇಹ, ರಕ್ತದೊತ್ತಡ ಎರಡೂ ಇದ್ದವು. ಹೈದರಾಬಾದಿನಲ್ಲಿ ಜಠರವನ್ನು ಕಿರಿದುಮಾಡುವ ಶಸ್ತ್ರಚಿಕಿತ್ಸೆ ನಡೆಯುತ್ತದಂತೆ, ಮಾಡಿಸಿಕೊಳ್ಳಬಹುದೇ ಎಂದು ಕೇಳಲು ಬಂದಿದ್ದರು. ಜೊತೆಯಲ್ಲಿ ಅತ್ತೆ.

ಅತ್ತೆಯ ಪ್ರಶ್ನೆ ನನಗಿನ್ನೂ ನೆನಪಿದೆ. “ಹೊಟ್ಟಿ ಕೊಯ್ಸಿಕೊಂಡು ಉಪಾಸ ಇರೂದಕ್ಕ ಅಷ್ಟು ರೊಕ್ಕ ಯಾಕ್ರಿ ಸಾಹೇಬರೆ? ಮನ್ಯಾಗ ಕೂತು ಉಪಾಸ ಮಾಡಿದ್ರ ಪುಕ್ಕಟ ಅಲ್ಲೇನು?”

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ವೈದ್ಯ ವಿದ್ಯಾರ್ಥಿಗಳೂ ಕೇಳಿದ್ದು ಕಡಿಮೆ. ಮಿತಾಹಾರ, ನಡಿಗೆಗಳಿಂದ ಇಳಿಯಬಹುದಾದವರು ಅದನ್ನೇ ಮೊದಲು ಮಾಡಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ತೂಕ ಒಂದು ಮೇರೆಯನ್ನು ದಾಟಿದ ಮೇಲೆ ದೇಹವೇ ಅದರ ಕಾವಲಿಗೆ ನಿಲ್ಲುತ್ತದೆ. ಇಳಿದಷ್ಟೂ ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ವ್ಯಯವನ್ನು ತಗ್ಗಿಸುತ್ತದೆ. ಹಸಿವೆಬ್ಬಿಸುವ ಗ್ರೆಲಿನ್ ಎಂಬ ರಸ ಬಹುಮಟ್ಟಿಗೆ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗವೂ ಸೇರಿದಂತೆ ಜಠರದ ಸುಮಾರು ಮುಕ್ಕಾಲು ಪಾಲನ್ನು ತೆಗೆದು, ಉಳಿದುದನ್ನು ಅಂಗಿಯ ತೋಳಿನಂತೆ ಸಣ್ಣ ಕೊಳವೆಯಾಗಿಸುತ್ತಾರೆ. ಬೈಪಾಸ್ ಎಂಬ ಇನ್ನೊಂದು ಬಗೆಯಲ್ಲಿ ಅನ್ನದ ದಾರಿಯನ್ನೇ ತಿರುಗಿಸುತ್ತಾರೆ. ಇದರ ಮೂಲ ಅಮೆರಿಕದ ಅಯೋವಾದಲ್ಲಿ 1966ರಲ್ಲಿ ಎಡ್ವರ್ಡ್ ಮೇಸನ್ ಮಾಡಿದ ಶಸ್ತ್ರಚಿಕಿತ್ಸೆ. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳದಿದ್ದುದೇ ಅವರಿಗೆ ದಾರಿ ತೋರಿಸಿತು.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ತೀರಿಕೊಂಡರು. ಈ ಸುದ್ದಿ ನಮ್ಮ ಹಳ್ಳಿಗಳನ್ನೂ ಮುಟ್ಟಿತ್ತು. ಅತ್ತೆಯ ಅಂಜಿಕೆಗೆ ಅದೂ ಒಂದು ಕಾರಣ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವುದು ಅಂದಕ್ಕೆ ಸಂಬಂಧಪಟ್ಟದ್ದು; ನಾನು ಹೇಳುತ್ತಿರುವುದು ಮಧುಮೇಹಾದಿ ರೋಗಗಳ ಚಿಕಿತ್ಸೆ. ಎರಡೂ ಬೇರೆ. ಆದರೂ ಇದರಲ್ಲಿ ಅಪಾಯವೇ ಇಲ್ಲವೆಂದರೆ ಸುಳ್ಳಾದೀತು. ಅನುಭವಿಗಳ ಕೈಯಲ್ಲಿ ಸಾವು ಸುಮಾರು ಸಾವಿರಕ್ಕೆ ಒಂದು. ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಇವು ಅದಕ್ಕಿಂತ ಹೆಚ್ಚು. ಇದನ್ನು ಅತ್ತೆಯ ಎದುರಿನಲ್ಲಿಯೇ ಹೇಳಿದೆ.

ಮುಂದಿನ ತಿಂಗಳುಗಳು ಪರೀಕ್ಷೆಗಳವು. ಸಕ್ಕರೆ, ಥೈರಾಯ್ಡ್, ಕಬ್ಬಿಣ, ಜೀವಸತ್ವಗಳಿಗಾಗಿ ರಕ್ತ, ಪಿತ್ತಕೋಶದ ಕಲ್ಲು ಮತ್ತು ಯಕೃತ್ತಿನ ಕೊಬ್ಬಿಗಾಗಿ ಸ್ಕ್ಯಾನಿಂಗ್, ಹುಣ್ಣಿದೆಯೇ ಎಂದು ನೋಡಲು ಎಂಡೋಸ್ಕೋಪಿ, ಹೃದಯದ ತಪಾಸಣೆ. ನಿದ್ರೆಯಲ್ಲಿ ಇವರ ಉಸಿರು ನಡುನಡುವೆ ನಿಂತುಹೋಗುತ್ತಿತ್ತು. ಮನೆಯವರು ಅದನ್ನು ಬರೀ ಗೊರಕೆಯೆಂದು ನಕ್ಕು ಬಿಟ್ಟಿದ್ದರು. ಅರಿವಳಿಕೆ ಕೊಡುವ ವೈದ್ಯರಿಗೆ ಅದು ನಗುವ ವಿಷಯವಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ, ರಾತ್ರಿ ಮೂಗಿಗೆ ಗಾಳಿಯೊತ್ತುವ ಯಂತ್ರ ಕಟ್ಟಿಕೊಂಡು ಮಲಗುವ ಅಭ್ಯಾಸ ಮಾಡಿಸಬೇಕಾಯಿತು. ಮೊಟ್ಟೆಯನ್ನೂ ಮುಟ್ಟದ ಮನೆಯವರಾದ್ದರಿಂದ ಬಿ12 ಜೀವಸತ್ವ ಮೊದಲೇ ಕೆಳಗಿತ್ತು. ಚಿಕಿತ್ಸೆಯ ನಂತರ ಅದು ಇನ್ನೂ ಇಳಿಯುವುದರಿಂದ ಜೀವಮಾನವಿಡೀ ಹೊರಗಿನಿಂದ ಕೊಡಬೇಕು. ತೂಕವಿಳಿಸುವ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರು ಅದನ್ನೂ ಬಚ್ಚಿಡಬಾರದು. ಅದು ಜಠರ ಬರಿದಾಗುವುದನ್ನು ನಿಧಾನಗೊಳಿಸುತ್ತದೆ. ವಿಮೆಯವರ ವಿಷಯ ಚುಟುಕಾಗಿ: 2019ರ ನಿಯಮದಂತೆ ಸೂಚ್ಯಂಕ 40 ಇದ್ದರೆ, ಅಥವಾ ತೀವ್ರ ಕಾಯಿಲೆಗಳೊಡನೆ 35 ಇದ್ದರೆ, ಬೇರೆ ಉಪಾಯಗಳು ಸೋತ ಮೇಲೆ ಇದಕ್ಕೆ ವಿಮೆಯ ಹಣ ಕೇಳಬಹುದು. ಕಾಗದಪತ್ರಗಳನ್ನು ಜೋಪಾನ ಮಾಡಬೇಕು.

ಇಷ್ಟೆಲ್ಲ ಆದ ಮೇಲೆ ಎಡವಿದವನು ನಾನು. “ಬೀಡಿ, ಸಿಗರೇಟು ಸೇದುತ್ತೀರಾ?” ಎಂದು ಕೇಳಿ, ಸಹಜವಾಗಿಯೇ “ಇಲ್ರಿ” ಎಂಬ ಉತ್ತರ ಬರೆದುಕೊಂಡಿದ್ದೆ. ದಿನಾಂಕ ಗೊತ್ತಾಗಿ ಹನ್ನೆರಡು ದಿನ ಉಳಿದಿತ್ತು. ಆಕೆಯ ಚೀಲದಿಂದ ಪೆನ್ನಿನ ಜೊತೆಗೆ ಪುಟ್ಟ ತಗಡಿನ ಡಬ್ಬಿಯೊಂದು ಮೇಜಿನ ಮೇಲೆ ಬಿತ್ತು. ಮಿಶ್ರಿ! ತಂಬಾಕನ್ನು ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ಈ ಪದಾರ್ಥ ಗಡಿಯ ಎರಡೂ ಕಡೆಯ ಹೆಂಗಸರಿಗೆ ಚಿರಪರಿಚಿತ.

“ಇದನ್ಯಾಕೆ ಹೇಳಲಿಲ್ಲ ತಾಯಿ?”

“ನೀವು ಸೇದೂದು ಕೇಳಿದ್ರಿ ಸಾಹೇಬರೆ. ಇದು ಹಲ್ಲಿಗಿ ಹಚ್ಚೂದು.”

ತಪ್ಪು ನನ್ನದೇ. ಈ ನೆಲದಲ್ಲಿ ಹುಟ್ಟಿ ಬೆಳೆದವನು ಈ ನೆಲದ ಪ್ರಶ್ನೆಯನ್ನೇ ಕೇಳಿರಲಿಲ್ಲ; ಪುಸ್ತಕದ ಪ್ರಶ್ನೆ ಕೇಳಿದ್ದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿದು ಗಾಯ ಮಾಯುವುದನ್ನು ತಡೆಯುತ್ತದೆ, ಹೊಸ ಹೊಲಿಗೆಯ ಬಳಿ ಹುಣ್ಣೆಬ್ಬಿಸುತ್ತದೆ. ಕನಿಷ್ಠ ಆರು ವಾರ ಬಿಟ್ಟಿರಬೇಕು. ದಿನಾಂಕ ಮುಂದೆ ಹೋಯಿತು. ಅಂದು ಆಕೆ ಅತ್ತರು. ಇಪ್ಪತ್ತು ವರ್ಷದ ಚಟ ಬಿಡುವುದು ಶಸ್ತ್ರಚಿಕಿತ್ಸೆಗಿಂತ ಕಷ್ಟವಾಯಿತೆಂದು ಮುಂದೆ ಅವರೇ ಹೇಳಿದರು. ಅವರ ಜೊತೆಗೆ ಮಿಶ್ರಿ ಬಿಡಲು ಅತ್ತೆಯೂ ಪ್ರಯತ್ನಿಸಿ ಎರಡು ಸಲ ಸೋತರು, ಮೂರನೆಯ ಸಲ ಗೆದ್ದರು.

ಹೀಗೆ ಮುಂದೂಡಿದ್ದರಿಂದ ಕೊನೆಯ ಎರಡು ವಾರಗಳ ಪಥ್ಯ ಎಳ್ಳಮಾವಾಸ್ಯೆಗೇ ಬಂದು ನಿಂತಿತು. ಈ ಪಥ್ಯ ಬರೀ ಶಿಸ್ತಿಗಾಗಿ ಅಲ್ಲ. ಕೊಬ್ಬಿನಿಂದ ಊದಿದ ಯಕೃತ್ತಿನ ಎಡಹೋಳು ಜಠರದ ಮೇಲೆ ಮುಚ್ಚಳದಂತೆ ಕೂತಿರುತ್ತದೆ. ಎರಡು ವಾರ ಹಿಟ್ಟು, ಸಕ್ಕರೆ, ಎಣ್ಣೆಗಳನ್ನು ಹಿಡಿತದಲ್ಲಿಟ್ಟರೆ ಅದು ಕುಗ್ಗಿ, ಶಸ್ತ್ರವೈದ್ಯರ ಕೈಗೆ ಜಾಗ ದೊರೆಯುತ್ತದೆ. ಬೇಳೆಯ ಕಟ್ಟು, ಮೊಳಕೆ ಹೆಸರು, ಪನೀರು, ಮಜ್ಜಿಗೆ ಇಷ್ಟರಲ್ಲಿ ದಿನ ದೂಡಬೇಕು. ಸಕ್ಕರೆ ರೋಗದ ಮಾತ್ರೆಗಳನ್ನು ವೈದ್ಯರೇ ತಗ್ಗಿಸಿಕೊಡಬೇಕು, ಇಲ್ಲವಾದರೆ ಸಕ್ಕರೆ ಕುಸಿದೀತು. ಆದರೆ ಬೀದರ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಉಣ್ಣದವರುಂಟೆ? ಪಥ್ಯತಜ್ಞೆಗೆ ಫೋನು ಮಾಡಿ, ಭಜ್ಜಿಯಲ್ಲಿ ಬೀಳುವ ಅವರೆ, ತೊಗರಿ, ಬಟಾಣಿ, ಸೊಪ್ಪುಗಳ ಪಟ್ಟಿ ಓದಿದೆ. ಆಕೆ ನಕ್ಕು, ಎಣ್ಣೆ ಕಡಿಮೆ ಹಾಕಿದ ಒಂದು ಬಟ್ಟಲು ಭಜ್ಜಿಗೆ ಒಪ್ಪಿದರು, ರೊಟ್ಟಿ ಬೇಡವೆಂದರು. ಹೊಲದಲ್ಲಿ ನೂರು ಜನ ಒತ್ತಾಯ ಮಾಡಿದರಂತೆ. ಸೊಸೆಯ ತಟ್ಟೆಗೆ ಯಾರೂ ರೊಟ್ಟಿ ಹಾಕದಂತೆ ಅತ್ತೆ ಪಕ್ಕದಲ್ಲೇ ಕೂತಿದ್ದರಂತೆ.

ಶಸ್ತ್ರಚಿಕಿತ್ಸೆಯ ನಂತರದ ಚಿತ್ರವನ್ನೂ ಮೊದಲೇ ಬಿಡಿಸಿ ಹೇಳಿದ್ದೆ. ಅದೇ ಸಂಜೆ ಎಬ್ಬಿಸಿ ನಡೆಸುತ್ತಾರೆ. ಎರಡು ವಾರ ದ್ರವಾಹಾರ, ಬಳಿಕ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು. ಮೂರು ನಾಲ್ಕು ತಿಂಗಳಿಗೆ ಕೂದಲು ಉದುರಿ ಹೆದರಿಸುತ್ತದೆ, ಬಹುಪಾಲು ಮತ್ತೆ ಬರುತ್ತದೆ. ಹೆರುವ ವಯಸ್ಸಿನವರು ಒಂದು ಒಂದೂವರೆ ವರ್ಷ ಬಸಿರಾಗಬಾರದು. ಇದಕ್ಕೆಲ್ಲ ಅಣಿಯಾಗಿ ಹೋದದ್ದರಿಂದ ಆಕೆ ಕಂಗೆಡಲಿಲ್ಲ. ಈಗ ಎರಡು ವರ್ಷ ಕಳೆದಿವೆ. ತೂಕ 67 ಕಿಲೋ. ರಕ್ತದೊತ್ತಡದ ಮಾತ್ರೆ ಒಂದು ಉಳಿದಿದೆ, ಬಿ12 ನಿಂತಿಲ್ಲ.

ಹೊರಡುವ ದಿನ ಭಾಲ್ಕಿಯ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ರೈಲು ಬಂದಾಗ ಅತ್ತೆ ರೂಢಿಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟನ್ನು ಕಿಟಕಿಯೊಳಗೆ ಚಾಚಿದವರು, ನೆನಪಾಗಿ ಹಿಂತೆಗೆದರು. ಗಂಟನ್ನು ಮಗನ ಕೈಗಿತ್ತು, ಸೊಸೆಗೆ ಬೇಳೆಕಟ್ಟಿನ ಥರ್ಮಾಸು ಕೊಟ್ಟು, “ಬಿಸಿ ಅದ, ಸಾವಕಾಶ ಕುಡಿ” ಎಂದರು.